ಒಂದು ರೂಮಿನಲ್ಲಿ ಎಷ್ಟು ಜನ?

ಕಳೆದ ವರ್ಷ ರಂಜಾನ್ ಮುಗಿದ ಮೇಲಿನ ಎರಡನೇ ಶುಕ್ರವಾರ. ಕುವೈತಿನ ಫರ್ವಾನಿಯಾದಲ್ಲಿರುವ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ಏಳು ಮಕ್ಕಳು ಕೂತಿದ್ದರು. ಅವರಲ್ಲೊಬ್ಬಳು ನನ್ನ ಮಗಳು ಅನನ್ಯ, ಒಂಬತ್ತನೇ ಕ್ಲಾಸು. ಎದುರಿಗೆ ಸುಹಾಸ. ಮೈಸೂರಿನಿಂದ ಬಂದು ಮೂರು ತಿಂಗಳಾಗಿತ್ತು, ಬ್ಯಾಂಕಿನಲ್ಲಿ ಕೆಲಸ. ವಾರದ ಕನ್ನಡ ಪಾಠಕ್ಕೆ ಮೇಷ್ಟ್ರು ಸಿಕ್ಕರಲ್ಲ ಎಂದು ನಾನೇ ಅವನನ್ನು ಕರೆದಿದ್ದೆ.

ಅವತ್ತು ಪೌರನೀತಿಯ ಪಾಠ. "ಹಕ್ಕು, ಕರ್ತವ್ಯ ಅಂತ ಉರು ಹೊಡೆದಿದ್ದು ಸಾಕು. ನಿಮ್ಮ ಬಿಲ್ಡಿಂಗಿಗೆ ಏನಾದ್ರೂ ಮಾಡಿ ನೋಡೋಣ," ಎಂದ ಸುಹಾಸ.

ಲಿಫ್ಟ್ ಕೆಟ್ಟು ತಿಂಗಳಾಗಿತ್ತು. ಎಷ್ಟು ಜನಕ್ಕೆ ತೊಂದರೆಯೆಂದು ಪಟ್ಟಿ ಮಾಡಿ ಮಾಲೀಕರಿಗೆ ಪತ್ರ ಬರೆಯುವುದೆಂದು ಮಕ್ಕಳು ನೋಟ್‌ಬುಕ್ ಹಿಡಿದು ಹೊರಟರು. ಒಳ್ಳೆಯ ಕೆಲಸವೇ ಅಲ್ಲವೇ ಎಂದು ನಾನು ಉಪ್ಪಿಟ್ಟು ಮಾಡಿಟ್ಟೆ.

ಮಧ್ಯಾಹ್ನ ಮೂರನೇ ಮಹಡಿಯ ಲಲಿತಕ್ಕ ಬಂದರು. ಮಂಗಳೂರು ಕಡೆಯವರು. ನಾಲ್ಕು ಹೆಂಗಸರ ಜೊತೆ ಒಂದೇ ರೂಮಿನಲ್ಲಿ ವಾಸ, ಸಲ್ವಾ ಬಡಾವಣೆಯ ಒಂದು ಮನೆಯಲ್ಲಿ ಮಗು ನೋಡಿಕೊಳ್ಳುವ ಕೆಲಸ. ಅವತ್ತು ಒಳಗೆ ಬರಲೇ ಇಲ್ಲ.

"ನಿಮ್ಮ ಹುಡುಗಿ ಎಂತಕ್ಕೆ ಹೆಸರು ಬರ್ಕೊಂಡದ್ದು? ರೂಮಲ್ಲಿ ಎಷ್ಟು ಜನ, ಎಲ್ಲಿ ಕೆಲಸ ಅಂತೆಲ್ಲ ಕೇಳಿದ್ಳು."

"ಮಕ್ಕಳ ಪಾಠ ಅಷ್ಟೇ ಅಕ್ಕಾ."

"ಪಾಠವಾ? ಇಂಥ ಪಾಠ ಚೆಕಿಂಗಿನ ಪೊಲೀಸರು ಮಾಡುದು ಮಾರಾಯ್ತಿ!"

ಅವರ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ವೀಸಾ ಕೊಡಿಸಿದ ಒಬ್ಬ ಕಫೀಲನ ಹೆಸರಲ್ಲಿ, ದುಡಿಯುವುದು ಇನ್ನೊಬ್ಬರ ಮನೆಯಲ್ಲಿ. ಸಿಕ್ಕಿಬಿದ್ದರೆ ಊರಿಗೆ ಕಳಿಸಿಬಿಡುತ್ತಾರೆ. ಅದು ನನಗೆ ಗೊತ್ತಿತ್ತು, ಮಕ್ಕಳಿಗೆ ಗೊತ್ತಿರಲಿಲ್ಲ.

ರಾಯ್ ಏರಿಯಾದ ಟೈಲ್ಸ್ ಅಂಗಡಿಯಿಂದ ಊಟಕ್ಕೆ ಬಂದ ನನ್ನವರು ಉರಿಯುವ ಬೆಂಕಿಗೆ ತುಪ್ಪ ಸುರಿದರು. "ಪುಕ್ಕಟೆ ಪಾಠ ಯಾರು ಮಾಡ್ತಾರೆ ಕಣೆ? ಮನೆಯೊಳಗೆ ಬಿಡೋ ಮುಂಚೆ ಅವನ ಪೂರ್ವಾಪರ ವಿಚಾರಿಸಿದ್ಯಾ?"

ವಿಚಾರಿಸಿರಲಿಲ್ಲ. ಪಟ್ಟಿಯ ಪ್ರತಿ ಹಾಳೆಯನ್ನೂ ಸುಹಾಸ ಫೋನಿನಲ್ಲಿ ಫೋಟೋ ಹಿಡಿದದ್ದು ನೆನಪಾಯಿತು. ಯಾಕೆ? ಯಾರಿಗೆ ಕಳಿಸಲು?

ಸಂಜೆ ಸುಹಾಸನನ್ನು ಕರೆಸಿ, "ಫೋನ್ ತೋರಿಸಪ್ಪ" ಎಂದೆ. ಲಾಕ್ ತೆಗೆದು ಕೊಟ್ಟ. ಒಂದೊಂದೇ ಫೋಟೋ ನಾನೇ ಅಳಿಸಿದೆ. "ಯಾರಿಗೂ ಕಳಿಸಿಲ್ಲ ಆಂಟಿ. ನಮ್ಮೂರಲ್ಲಿ ಸರ್ವೆ ಅಂದ್ರೆ ಹೀಗೇ ಮಾಡಿಸ್ತಿದ್ರು."

"ಇದು ನಿಮ್ಮೂರಲ್ಲ ಕಣಪ್ಪ."

"ಮಮ್ಮಿ, ವಿ ವರ್ ಹೆಲ್ಪಿಂಗ್ ದೆಮ್!" ಎಂದಳು ಅನನ್ಯ.

"ಹೆಲ್ಪ್ ಬೇಕಾ ಅಂತ ಅವರನ್ನ ಕೇಳಿದ್ಯಾ?"

ಅವಳು ಹಾಳೆಗಳನ್ನು ತಾನೇ ಚೂರುಚೂರು ಮಾಡಿದಳು. ವಿಷಯ ಹೇಳಿಬರೋಣವೆಂದು ಇಬ್ಬರೂ ಮೂರನೇ ಮಹಡಿಗೆ ಹೋದೆವು. ಲಲಿತಕ್ಕನ ಜೊತೆಗಿದ್ದ ಹೆಂಗಸು ಬಾಗಿಲನ್ನು ಒಂದು ಗೇಣಷ್ಟೇ ತೆರೆದು, "ಖಲಾಸ್, ಚಲೀ ಗಯೀ", ಮುಗೀತು, ಹೊರಟುಹೋದಳು ಎಂದು ಹೇಳಿ ಮುಚ್ಚಿಬಿಟ್ಟಳು. ಲಲಿತಕ್ಕನ ಫೋನ್ ಸ್ವಿಚ್ ಆಫ್ ಆಗಿತ್ತು.

ಸುಹಾಸ ಕೆಟ್ಟವನಲ್ಲ ಎಂದು ಈಗ ಬಲ್ಲೆ. ಆದರೂ ಅವನು ಜೇಬಿನಿಂದ ಫೋನ್ ತೆಗೆದರೆ ಇವತ್ತಿಗೂ ನನ್ನ ಕಣ್ಣು ಅತ್ತಲೇ ಹೋಗುತ್ತದೆ. ಮಕ್ಕಳಿಗೆ ಊರಿನ ಹೊಣೆ ಕಲಿಸಬೇಕು, ನಿಜ. ಯಾವ ಬಾಗಿಲ ಹಿಂದೆ ಯಾರು ಹೆದರಿ ಕೂತಿದ್ದಾರೆಂಬುದನ್ನು ಮೊದಲು ಹೇಳಿಕೊಡಬೇಕಿತ್ತು. ಗೊತ್ತಿದ್ದ ನಾನೇ ಹೇಳಲಿಲ್ಲ.

ಎರಡು ತಿಂಗಳ ಮೇಲೆ ಗುರುತಿಲ್ಲದ ನಂಬರಿನಿಂದ ಕರೆ ಬಂತು. ಲಲಿತಕ್ಕ! ಅನನ್ಯ ನನ್ನ ಕೈಯಿಂದ ಫೋನ್ ತೆಗೆದುಕೊಂಡು, "ತಪ್ಪಾಯ್ತು ಅಕ್ಕಾ" ಎಂದಳು. ಆ ಕಡೆಯಿಂದ ಅವರು, "ಊಟ ಆಯ್ತಾ ಮಗಾ?" ಎಂದರು. ಬಹಳ ಹೊತ್ತು ಮಾತಾಡಿದೆವು. ಎಲ್ಲಿದ್ದೀರಿ ಎಂದು ಮಾತ್ರ ನಾವಿಬ್ಬರೂ ಕೇಳಲಿಲ್ಲ.