ಒಂಟಿ ಮಿಠಾಯಿ ಕೊಡಬಾರದು

ನಮ್ಮತ್ತೆ ಯಾರಿಗೂ ಒಂದೇ ದೋಸೆ ಬಡಿಸಿದವರಲ್ಲ. ಒಂಟಿ ಬಡಿಸುವುದು ಸಾವಿನ ಮನೆಯಲ್ಲಿ ಎನ್ನುವುದು ಅವರ ಹೊಳವನಹಳ್ಳಿಯ ಕಟ್ಟಳೆ. ಹೊಟ್ಟೆ ತುಂಬಿದೆ ಎಂದರೆ ಎರಡನೆಯದರ ಚೂರನ್ನಾದರೂ ಮುರಿದು ತಟ್ಟೆಗೆ ಹಾಕಿ, "ಈಗ ಏಳು" ಅನ್ನುತ್ತಾರೆ. ಇಂಥವರನ್ನು ನಾನು ಜೀವಕೋಶದ ಪಾಠಕ್ಕೆ ಕರೆದುಕೊಂಡು ಹೋದೆನಲ್ಲ, ನನ್ನ ಬುದ್ಧಿಗೆ ಏನು ಮಂಕು ಕವಿದಿತ್ತೋ!

ಪಾವಗಡದ ಕಡೆಯ ಒಂದು ಕಾಲೇಜಿನಲ್ಲಿ ನಾನು ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳುತ್ತೇನೆ, ಹೇಳಿಸಿಕೊಳ್ಳಲು ಮಕ್ಕಳಿದ್ದರೆ. ಆ ವರ್ಷ ಪ್ರಿನ್ಸಿಪಾಲರು ಕರೆದು, "ಮೇಡಂ, ಈ ಸಲ ಮೊದಲನೇ ಬೆಂಚೂ ತುಂಬದಿದ್ರೆ ಸೈನ್ಸ್ ವಿಭಾಗ ಮುಚ್ಚೋದೇ. ನೀವು ಬೇರೆ ಊರು ನೋಡ್ಕೋಬೇಕಾಗ್ತದೆ" ಅಂದರು. ಮಕ್ಕಳಿಗಿಂತ ಹಲ್ಲಿಗಳೇ ಹೆಚ್ಚಾಗಿರುವ ನಮ್ಮ ಲ್ಯಾಬೆಂದರೆ ನನಗೆ ಪ್ರಾಣ. ಸುತ್ತಲ ಹೈಸ್ಕೂಲುಗಳಿಗೆ ಹೋಗಿ, ಹತ್ತನೆಯ ತರಗತಿಯವರಿಗೆ ವಿಜ್ಞಾನದ ರುಚಿ ಹತ್ತಿಸಿ ಹಿಡಿದು ತರೋಣವೆಂದು ಹೊರಟೆ.

ರುಚಿ ಹತ್ತಿಸಲು ನಾನು ಆರಿಸಿಕೊಂಡದ್ದು ಸೆಂಟ್ರಿಯೋಲ್. "ಹೂವು, ಹಣ್ಣು ಯಾವುದೂ ಸಿಗಲಿಲ್ವಾ ನಿಂಗೆ?" ಎಂದ ಗಂಡ. ಸಿಗಲಿಲ್ಲ, ಏನೀಗ?

ಸೆಂಟ್ರಿಯೋಲ್ ಅಂದರೆ ಕೋಶದೊಳಗಿನ ಗಿಡ್ಡ ಕೊಳವೆ. ಕೋಶ ಎರಡಾಗುವಾಗ ಎರಡು ತುದಿಯಲ್ಲಿ ಇವು ನಿಂತುಕೊಳ್ಳುತ್ತವೆ, ಅಲ್ಲಿಂದ ಚಾಚಿದ ಎಳೆಗಳು ವರ್ಣತಂತುಗಳನ್ನು ಆ ಕಡೆಗೂ ಈ ಕಡೆಗೂ ಸರಿಸಮ ಎಳೆಯುತ್ತವೆ. ಅದಕ್ಕೆ ಮುಂಚೆ ಪ್ರತಿ ಹಳೆಯ ಕೊಳವೆಯ ಪಕ್ಕದಲ್ಲಿ ಒಂದು ಹೊಸದು ಹುಟ್ಟಬೇಕು. ಒಂದೇ ಒಂದು! ಹುಟ್ಟಿಸುವ ಪ್ರೋಟೀನ್ ಒಂದಿದೆ, ಅದು ಜಾಸ್ತಿಯಾದರೆ ಕೆಟ್ಟಿತು, ಅದಕ್ಕೇ ಅದು ತನ್ನ ನಾಶಕ್ಕೆ ತಾನೇ ದಾರಿ ಮಾಡಿಕೊಳ್ಳುತ್ತದೆ. ಹೊಸದು ಹಳೆಯದಕ್ಕೆ ಅಂಟಿಕೊಂಡಿರುವ ತನಕ ಇನ್ನೊಂದು ಹುಟ್ಟುವಂತಿಲ್ಲ. ಕೋಶ ಎರಡಾಗುವ ಹೊತ್ತಿಗೆ ಅವು ಕೈಬಿಡುತ್ತವೆ, ಮುಂದಿನದಕ್ಕೆ ಆಗಲೇ ದಾರಿ. ಎಷ್ಟು ಚೆಂದದ ಶಿಸ್ತು ಹೇಳಿ!

ಇದನ್ನು ಹಗ್ಗಜಗ್ಗಾಟ ಮಾಡಿದೆ. ಮೈದಾನದ ಎರಡು ತುದಿಗೆ ಇಬ್ಬರು ನಾಯಕಿಯರು. ಪ್ರೋಟೀನಿನ ಬದಲು ಕಡ್ಲೆಮಿಠಾಯಿ: ನಾಯಕಿ ಒಂದು ತಿನ್ನಬೇಕು, ಒಬ್ಬ ಗೆಳತಿಯನ್ನು ಕರೆದು ಕೈ ಹಿಡಿಯಬೇಕು, ಮಿಠಾಯಿ ಅಲ್ಲಿಗೆ ಖಲಾಸ್. ನಡುವೆ ಜೋಡಿ ಜೋಡಿ ನಿಂತ ಮಕ್ಕಳು ವರ್ಣತಂತುಗಳು, ಜೋಡಿಯ ಒಬ್ಬರಿಗೆ ಈ ಕಡೆಯ ಹಗ್ಗ, ಇನ್ನೊಬ್ಬರಿಗೆ ಆ ಕಡೆಯದು.

ಮಿಠಾಯಿ ಮಾಡಿದ್ದು ಅತ್ತೆ. "ನೀನು ಬಸ್ಸಲ್ಲೇ ತಿಂದ್ಬುಡ್ತೀಯ" ಎಂದು ಡಬ್ಬಿ ಹಿಡಿದು ತಾವೇ ಹೊರಟರು. ದಾರಿಯಲ್ಲಿ ಸೋಲಾರ್ ಫಲಕಗಳನ್ನು ಕಂಡು, "ಇದ್ಯಾಕಮ್ಮ, ನೆಲ ಎಲ್ಲಾ ಕನ್ನಡಕ ಹಾಕ್ಕೊಂಡೈತೆ!" ಎಂದು ಬಸ್ಸಿನವರನ್ನೆಲ್ಲ ನಗಿಸಿದರು. ಸ್ಕೂಲಿನ ಹತ್ತಿರ ಬರುವಾಗ ನಾನು ಎರಡೆರಡು ಸಲ ಹೇಳಿದೆ, "ಅತ್ತೆ, ಒಬ್ಬಳಿಗೆ ಒಂದೇ." "ಆಗ್ಲಿ ಕಣಮ್ಮ, ನಂಗೇನು ಕಿವುಡಾ?" ಎಂದರು.

ನಾನು ಹಗ್ಗ ಸರಿಮಾಡಲು ಬೆನ್ನು ತಿರುಗಿಸಿದ್ದೇ ತಪ್ಪಾಯಿತು. ತಿರುಗಿ ನೋಡಿದರೆ ಒಬ್ಬ ನಾಯಕಿಯ ಸುತ್ತ ಗೆಳತಿಯರ ದಂಡು!

"ಅತ್ತೆ! ಎಷ್ಟು ಕೊಟ್ರಿ?"

"ಎಳ್ಡು ಕೊಟ್ಟೆ. ಇನ್ನೊಂದು ಅಂದ್ಲು, ಅದ್ನೂ ಕೊಟ್ಟೆ. ಬೆಳೆಯೋ ಮಗೀಗೆ ಒಂಟಿ ಕೊಡ್ತಾರಾ? ಒಂದು ಕಣ್ಣು ಕಣ್ಣಲ್ಲ ಅಂತಾರೆ, ಗೊತ್ತಿಲ್ವಾ?"

"ಅದು ಪ್ರೋಟೀನು ಅತ್ತೆ!"

"ಅದ್ಕೇ ಕೊಟ್ಟಿದ್ದು. ಪ್ರೋಟೀನು ಒಳ್ಳೇದಂತೆ."

ಅಷ್ಟರಲ್ಲಿ ಜಾಗ ಸಾಲದ ಹೆಚ್ಚುವರಿ ಗೆಳತಿಯರು, "ಮಿಸ್, ಮೇಮು ಎಕ್ಕಡ ನಿಲ್ಬೇಕು?" ಎಂದು ಅರ್ಧ ತೆಲುಗಿನಲ್ಲಿ ಕೇಳಿ, ಉತ್ತರಕ್ಕೂ ಕಾಯದೆ ಬೇವಿನ ಮರದಡಿ ಮೂರನೆಯ ತುದಿಯನ್ನೇ ಕಟ್ಟಿಕೊಂಡರು. ಕೈಗೆ ಸಿಕ್ಕ ಹಗ್ಗ ಹಿಡಿದರು. ಯಾರೋ ಶಿಳ್ಳೆ ಹೊಡೆದರು. ನಾನಂತೂ ಅಲ್ಲ.

"ಲಾಗು! ಎಳಿ! ಲಾಗು!" ಎಂದು ಮೂರೂ ಕಡೆಯಿಂದ ಎಳೆದಾಟ ಶುರುವಾಯಿತು. ವರ್ಣತಂತುಗಳು ಗಿರಗಿರ ತಿರುಗಿದವು. ಪ್ರಾಣಸ್ನೇಹಿತೆಯರಾದ ಒಂದು ಜೋಡಿ, "ನಾವು ಬಿಡಲ್ಲ ಮಿಸ್" ಎಂದು ತಬ್ಬಿಕೊಂಡು ನೆಲಕ್ಕೆ ಕೂತಿತು. ಬಿಡಿಸಲು ಬಂದ ಹೆಡ್‌ಮಾಸ್ಟರ ಸೊಂಟಕ್ಕೆ ಹಗ್ಗ ಸುತ್ತಿಕೊಂಡು ಅವರೂ ವರ್ಣತಂತುವಾಗಿ ಬೇವಿನ ಮರದತ್ತ ಸಾಗಿದರು. ಧೂಳು ಇಳಿದಾಗ ಒಂದು ಕೋಶಕ್ಕೆ ಹೆಚ್ಚುಕಡಿಮೆ ಇಡೀ ತರಗತಿ, ಬೇವಿನ ಮರದಡಿಯದಕ್ಕೆ ಹೆಡ್‌ಮಾಸ್ಟರು, ಉಳಿದದ್ದಕ್ಕೆ ಒಂದು ಚಪ್ಪಲಿ ಸಿಕ್ಕಿತ್ತು.

"ನೋಡಿ ಮಕ್ಕಳೇ, ಸೆಂಟ್ರಿಯೋಲ್ ಜಾಸ್ತಿಯಾದರೆ ಕೋಶಕ್ಕೆ ಆಗುವುದು ಇದೇ" ಎಂದು ನಾನು ಕೂಗಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಹೆಡ್‌ಮಾಸ್ಟರು ಪ್ಯಾಂಟು ಕೊಡವಿಕೊಳ್ಳುತ್ತಾ, "ಬಹಳ ಚೆನ್ನಾಗಿತ್ತು, ಇನ್ನು ಹೊರಡಿ" ಎಂದರು. ಅತ್ತೆ ಮಾತ್ರ ಗೇಟಿನ ತನಕ ಮಕ್ಕಳಿಗೆ ಬುದ್ಧಿ ಹೇಳುತ್ತಲೇ ಬಂದರು: "ಒಂಟಿ ತಿನ್ಬ್ಯಾಡ್ರವ್ವಾ, ಒಂಟಿ ಎಲ್ಗೂ ಹೋಗ್ಬ್ಯಾಡಿ."

ಬಸ್ಸಿನಲ್ಲಿ ನಾನು ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. "ನನ್ನ ಕೆಲಸ ನುಂಗಿ ನೀರು ಕುಡಿದ್ರಿ. ಇನ್ನು ಆ ಸ್ಕೂಲಿಂದ ಒಂದು ನರಪಿಳ್ಳೆನೂ ಬರಲ್ಲ." ಅಳು ಬಂತು, ನಿಜವಾಗಿಯೂ. ಅತ್ತೆ ಡಬ್ಬಿ ತೆಗೆದು ಮಿಠಾಯಿ ಕೊಟ್ಟರು, ಎರಡು. ಸಿಟ್ಟಿನಲ್ಲೇ ಎರಡನ್ನೂ ತಿಂದೆ.

ಅಡ್ಮಿಷನ್ ದಿನ ಬೆಳಿಗ್ಗೆ ಮೊದಲನೇ ಬೆಂಚು ಬಿಕೋ ಎನ್ನುತ್ತಿತ್ತು. ಪ್ರಿನ್ಸಿಪಾಲರು ಎರಡು ಸಲ ಇಣುಕಿ ಹೋದರು. ಲ್ಯಾಬಿನ ಬೀಗದ ಕೈಯನ್ನು ಅವರಿಗೇ ಒಪ್ಪಿಸಿಬಿಡೋಣವೆಂದು ನಾನು ಎದ್ದೆ. ಬಾಗಿಲಲ್ಲಿ ಆ ನಾಯಕಿ ನಿಂತಿದ್ದಳು, ಮೂರು ಮಿಠಾಯಿ ತಿಂದವಳು. ಕೈಯಲ್ಲಿ ಇನ್ನೊಬ್ಬ ಹುಡುಗಿಯ ಕೈ.

"ಸರಿಯಾಗಿ ಎರಡಾದ್ರೆ ಹೆಂಗಿರ್ತದೆ ಅಂತ ನೀವು ತೋರಿಸ್ಲೇ ಇಲ್ಲ ಮಿಸ್. ನೋಡಾಣ ಅಂತ ಬಂದೆ."

"ಇವಳು ಯಾರು?"

"ಪಕ್ಕದ ಊರೋಳು. ಆರ್ಟ್ಸ್‌ಗೆ ಹೊಂಟಿದ್ಲು, ಎಳ್ಕೊಂಡು ಬಂದೆ. ಒಂಟಿ ಹೋಗ್ಬಾರ್ದಂತೆ, ನಿಮ್ಮತ್ತೆ ಹೇಳಿದ್ರು."

ಅವಳ ಹಿಂದೆ ಎದುರು ತುದಿಯ ನಾಯಕಿ ಬಂದಳು, ಅವಳಿಗೂ ಒಬ್ಬಳು. ಬೇವಿನ ಮರದಡಿಯವರು ಬಂದರು, ಅವರಿಗೂ. ತಬ್ಬಿ ಕೂತಿದ್ದ ಜೋಡಿಯೂ ಬಂತು, ಒಬ್ಬೊಬ್ಬಳೂ ಒಬ್ಬ ಹೊಸಬಳ ಕೈ ಹಿಡಿದು. ಮೊದಲನೇ ಬೆಂಚು ತುಂಬಿ, ಮೂಲೆಯಲ್ಲಿ ಪೇರಿಸಿಟ್ಟಿದ್ದ ಬೆಂಚುಗಳ ಧೂಳನ್ನು ನಾನೇ ಸೆರಗಿನಿಂದ ಒರೆಸಿ ಎಳೆದು ಹಾಕಿದೆ. ಹೆಸರು ಬರೆದುಕೊಳ್ಳಲು ಪೆನ್ನು ತೆಗೆದವಳು ತಲೆಯೆತ್ತಿ ನೋಡಿ, ಪೆನ್ನು ಕೆಳಗಿಟ್ಟೆ. ಪ್ರತಿಯೊಬ್ಬ ಹಳಬಳ ಪಕ್ಕದಲ್ಲಿ, ಕೈ ಬಿಡದೆ, ಒಬ್ಬಳೇ ಒಬ್ಬ ಹೊಸಬಳು ಕೂತಿದ್ದಳು.