ಪಟ್ಟದ ಗೊಂಬೆ ಪಕ್ಕದ ಪಾರಿವಾಳ

ಸಿಂಗಾಪುರದ ಟ್ಯಾಂಪಿನೀಸ್‌ನಲ್ಲಿ ನಮ್ಮ ಪಕ್ಕದ ಫ್ಲಾಟಿನ ಆಂಟಿ ದಸರಾ ಗೊಂಬೆ ಕೂರಿಸುವಾಗ ಪಟ್ಟದ ಗೊಂಬೆಗಳ ಪಕ್ಕದಲ್ಲೇ ಒಂದು ಮಣ್ಣಿನ ಪಾರಿವಾಳ ಇಡುತ್ತಿದ್ದರು. ಒಂದು ಕಾಲಕ್ಕೆ ಅಮೆರಿಕದ ಆಕಾಶವನ್ನೇ ಮುಚ್ಚುವಷ್ಟಿದ್ದು, ಬೇಟೆಗೆ ಸಿಕ್ಕಿ ಪೂರ್ತಿ ಅಳಿದುಹೋದ ಜಾತಿ ಅದು. ಕೇಳಿದವರಿಗೆಲ್ಲ ಬೆರಳೆತ್ತಿ ಒಂದೇ ಮಾತು: "ತುಂಬಾ ಇದೆ ಅಂತ ಬಿಟ್ರೆ ಹೀಗೇ ಆಗೋದು."

ಸಿಂಗಾಪುರದಿಂದ ಮಂಗಟ್ಟೆ ಹಕ್ಕಿ, ಅಂದರೆ ಹಾರ್ನ್‌ಬಿಲ್ ಕೂಡ ಹಾಗೆಯೇ ಮರೆಯಾಗಿತ್ತು. ಮರಗಳಿಗೆ ಗೂಡಿನ ಪೆಟ್ಟಿಗೆ ಕಟ್ಟಿ ಕಾದವರಲ್ಲಿ ಆಂಟಿಯೂ ಒಬ್ಬರು.

ಒಂದು ದಸರಾ ಸಂಜೆ, ಆರತಿ ಹೊತ್ತಿಗೆ, ನನ್ನ ಮಗಳು ಕಾರಿಡಾರಿನಿಂದ ಸಿಂಗಾಪುರದವರ ಧಾಟಿಯಲ್ಲೇ ಕೂಗಿದಳು: "ಆಂಟಿ, ಹಾರ್ನ್‌ಬಿಲ್ ಲಾ! ಎರಡಿದೆ!"

ಆಂಟಿ ಮಣ್ಣಿನ ಪಾರಿವಾಳವನ್ನು ಎತ್ತಿಕೊಂಡೇ ಓಡಿದರು. ರೇಲಿಂಗ್ ಮೇಲೆ ಕೂತಿದ್ದ ಜೋಡಿಯ ಕಡೆ ಅದರ ಮುಖ ತಿರುಗಿಸಿ, "ನೋಡೇ, ನಿನ್ನ ಕಳ್ಕೊಂಡು ಬುದ್ಧಿ ಕಲಿತ್ವಿ. ಇವರು ವಾಪಸ್ ಬಂದ್ರು!" ಎಂದರು.

ಹೊಸ ಮದುಮಕ್ಕಳಿಗೆ ಎತ್ತುವ ಹಾಗೆ, ಆ ಸಲದ ಆರತಿಯನ್ನು ನಾವು ಹೊಸ್ತಿಲಲ್ಲೇ ಎತ್ತಿದೆವು.