ಚಿಕ್ಕಪ್ಪನ ಟ್ಯಾಂಕು

ಬಂಗಾರಪೇಟೆಯ ನಮ್ಮ ಬೀದಿಯಲ್ಲಿ ಯಾರಾದರೂ ಗೇಟಿಗೆ ಬಣ್ಣ ಹೊಡೆಸಿದರೆ ಥಿನ್ನರ್ ವಾಸನೆ ನಮ್ಮ ಅಡುಗೆಮನೆಯವರೆಗೂ ಬರುತ್ತದೆ. ಮೂಗಿನೊಳಗೆ ಚುರ್ರೆನ್ನುವ, ತಲೆಯನ್ನು ತುಸು ಹಗುರ ಮಾಡುವ ವಾಸನೆ. ಮನೆಯ ಉಳಿದವರು ಕಿಟಕಿ ಮುಚ್ಚಲು ಓಡುತ್ತಾರೆ. ನಾನು ಒಲೆಯ ಉರಿ ಸಣ್ಣದು ಮಾಡಿ ಸುಮ್ಮನೆ ನಿಂತುಬಿಡುತ್ತೇನೆ. ಆಗ ಚಿನ್ನದ ಗಣಿಯವರು ಆಳುಗಳಿಗೆಂದು ಸಾಲಾಗಿ ಕಟ್ಟಿಸಿದ್ದ ನಂದಿದುರ್ಗದ ಲೈನ್ ಮನೆ ಕಣ್ಣ ಮುಂದೆ ಬರುತ್ತದೆ. ತಗಡಿನ ಮಾಡು, ಸುಣ್ಣ ಬಳಿದ ತಟ್ಟಿಗೋಡೆ. ಪಕ್ಕದ ಮನೆಯವರು ಕೆಮ್ಮಿದರೆ ನಮ್ಮಜ್ಜಿ ಕೂತಲ್ಲಿಂದಲೇ ಶುಂಠಿ ಕಷಾಯ ಕುಡಿಯಲು ಹೇಳುವಷ್ಟು ತೆಳು ಗೋಡೆ ಅದು. ಎರಡು ಕೋಣೆಗಳಲ್ಲಿ ಅಜ್ಜಿ, ಅಪ್ಪ, ಅಮ್ಮ, ನಾನು ಮತ್ತು ಅಪ್ಪನ ತಮ್ಮ ಮುರಳಿ ಚಿಕ್ಕಪ್ಪ. ಗಣಿ ಮುಚ್ಚಿದ ಮೇಲೆ ಅಪ್ಪ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಯಾವುದೋ ಕಟ್ಟಡ ಕಾಯುತ್ತಿದ್ದ. ಗಣಿಯೊಳಗೆ ಆಳುಗಳಿಗೆ ಕೆಲಸ ಹೇಳುತ್ತಿದ್ದವನು ಈಗ ಕಾರು ಬಂದಾಗಲೆಲ್ಲ ಎದ್ದು ಸಲಾಂ ಹೊಡೆಯಬೇಕಿತ್ತು. ಆ ಸಲಾಮುಗಳ ಸಿಟ್ಟನ್ನೆಲ್ಲ ಹಾಗೇ ಹೊತ್ತುಕೊಂಡು ಮನೆಗೆ ಬರುತ್ತಿದ್ದ.

ಚಿಕ್ಕಪ್ಪ ಸೈನ್ಯದಲ್ಲಿ ಟ್ಯಾಂಕು ಓಡಿಸುತ್ತಿದ್ದವನು. ಮರಳುಗಾಡಿನ ಯುದ್ಧಾಭ್ಯಾಸದಲ್ಲಿ ಅವನ ಟ್ಯಾಂಕಿಗೆ ಬೆಂಕಿ ಬಿದ್ದು, ಎಡಗೈ ಸುಟ್ಟು, ಎರಡು ಬೆರಳು ಒಂದಕ್ಕೊಂದು ಅಂಟಿಕೊಂಡಿದ್ದವು. ಕೆಲಸಕ್ಕೆ ಆಗದವನೆಂದು ಮನೆಗೆ ಕಳಿಸಿದ್ದರು. ಬಂದ ಮೇಲೆ ತಿಂಗಳುಗಟ್ಟಲೆ ಮಾತಿಲ್ಲ. ಒಂದು ದಿನ ಬೆಂಗಳೂರಿನಿಂದ ಒಂದು ಡಬ್ಬಿ ತಂದ. ಅದರ ತುಂಬ ಪ್ಲಾಸ್ಟಿಕ್ಕಿನ ಚೂರುಗಳು. ಜೋಡಿಸಿದರೆ ಗೇಣುದ್ದದ ಟ್ಯಾಂಕು ಆಗುತ್ತದೆ ಎಂದ. ಆಗ ನಾನು ಆರನೇ ಕ್ಲಾಸು. ಅವನ ಎಡಗೈ ಮಾಡಲಾಗದ ಕೆಲಸವೆಲ್ಲ ನನ್ನದಾಯಿತು. ಉಗುರು ಕತ್ತರಿಯಿಂದ ಚೂರುಗಳನ್ನು ಬಿಡಿಸುವುದು, ಉಪ್ಪುಕಾಗದದಲ್ಲಿ ಅಂಚು ಉಜ್ಜುವುದು, ಅಂಟು ಹಿಡಿಯುವ ತನಕ ಉಸಿರು ಬಿಗಿಹಿಡಿದು ಒತ್ತಿಕೊಂಡು ಕೂರುವುದು. ಟ್ಯಾಂಕು ಹಸಿರು ಬಣ್ಣ ಬಳಿದುಕೊಂಡು ಹೊಸದಾಗಿ ಹೊಳೆದ ದಿನ ನಾನು ಕುಣಿದೆ. ಚಿಕ್ಕಪ್ಪ ನಕ್ಕ. "ಇದು ಇನ್ನೂ ಅಂಗಡೀದು ಅಮ್ಮಣ್ಣಿ. ನಮ್ದು ಆಗ್ಬೇಕಂದ್ರೆ ಇದನ್ನ ಕೆಡುಸ್ಬೇಕು."

ಕೆಡಿಸುವ ಕೆಲಸ ಕಟ್ಟುವುದಕ್ಕಿಂತ ನಿಧಾನವಾಗಿ ನಡೆಯಿತು. ಕಪ್ಪು ಬಣ್ಣವನ್ನು ಥಿನ್ನರಿನಲ್ಲಿ ನೀರಾಗಿಸಿ ಸಂದುಗೊಂದಿಗಳಿಗೆ ಇಳಿಬಿಟ್ಟು, ಮೇಲಿನದನ್ನು ಒರೆಸಿದೆವು. ಗ್ರೀಸು ಕಟ್ಟಿದಂತೆ ಕಂಡಿತು. ಹೆಂಚನ್ನು ಅರೆದು ಬಟ್ಟೆಯಲ್ಲಿ ಸೋಸಿದ ಕೆಂಪು ಪುಡಿ ತುಕ್ಕಾಯಿತು. ಸೀಸದ ಕಡ್ಡಿಯ ಪುಡಿಯನ್ನು ಬೆರಳಿಂದ ಉಜ್ಜಿದಾಗ ಅಂಚುಗಳಲ್ಲಿ ಕಬ್ಬಿಣ ಮಿನುಗಿತು. ಎಲ್ಲಿ ಬೂಟು ಊರಿ ಹತ್ತುತ್ತಿದ್ದರು, ಎಲ್ಲಿ ಬಣ್ಣ ಸವೆದಿತ್ತು ಎಂಬುದೆಲ್ಲ ಅವನ ಮೈಗೇ ಗೊತ್ತಿತ್ತು. ಕಣ್ಣು ಮುಚ್ಚಿ ಕಾಲೆತ್ತಿ ನೋಡಿ, "ಇಲ್ಲಿ" ಎನ್ನುತ್ತಿದ್ದ. ಮರಳುಗಾಡಿಗೆ, ಗಣಿಯವರು ಚಿನ್ನ ತೆಗೆದು ಸುರಿದಿದ್ದ ಸೈನೈಡ್ ದಿಬ್ಬದ ಬೂದು ಮರಳನ್ನೇ ತಂದು, ಹಲಗೆಯ ಮೇಲೆ ಅಂಟು ಬಳಿದು ಉದುರಿಸಿದೆವು. ಕೊನೆಗೆ ಇಬ್ಬರು ಬೆರಳುದ್ದದ ಸೈನಿಕರು ಬಂದರು. ಮುಂದಿನ ಕಿಂಡಿಯಲ್ಲಿ ತಲೆ ಹೊರಗಿಟ್ಟವನು ಚಿಕ್ಕಪ್ಪ. ಮೇಲೆ ಕಾಲು ಇಳಿಬಿಟ್ಟು ಟೀ ಲೋಟ ಹಿಡಿದು ಕೂತವನು ಗೋಪಾಲ, ಕುಪ್ಪಂ ಕಡೆಯವನು. "ದಿನಾ ಬೆಳಗ್ಗೆ 'ಟೀ ತಾಗುದಾಂ ರಾ', ಟೀ ಕುಡಿಯಾನ ಬಾ ಅಂತ ತೆಲುಗಿನಾಗೆ ಕರೆಯೋನು. ಅವತ್ತೂ ಕರೆದ" ಎಂದಷ್ಟೇ ಹೇಳಿದ ಚಿಕ್ಕಪ್ಪ. ಬೆಂಕಿಗೆ ಮುಂಚಿನ ಬೆಳಗು ಅದು. ಬೆಂಕಿಯನ್ನು ಅವನು ಮಾಡಲೇ ಇಲ್ಲ.

ಅದೇ ಸುಮಾರಿಗೆ ಕ್ಯಾಸಂಬಳ್ಳಿಯಿಂದ ಚಿಕ್ಕಪ್ಪನಿಗೆ ಒಂದು ಸಂಬಂಧ ಬಂತು. ಹಸು ಸಾಕಿಕೊಂಡು ಹಾಲು ಹಾಕುವ ಮನೆತನ. ಸ್ಟೌ ಸಿಡಿದು ಕೈ ಸುಟ್ಟಿತು, ಸೈನ್ಯ ತಾನೇ ಬಿಟ್ಟು ಬಂದ ಎಂದು ಅಪ್ಪ ಅವರಿಗೆ ಹೇಳಿಟ್ಟಿದ್ದ. ಭಾನುವಾರ ನಮ್ಮ ಮನೆಗೆ ಬಂದ ಹುಡುಗಿಯ ತಂದೆ, ಬೋಂಡ ತಿನ್ನುತ್ತ ಕೂತಿದ್ದವರು, ಮೂಲೆಯ ಟ್ರಂಕಿನ ಮೇಲಿದ್ದ ಟ್ಯಾಂಕು ಕಂಡು ಎದ್ದು ಬಂದರು. "ಇದೇನಪ್ಪ, ಒಳ್ಳೆ ನಿಜದ್ದಂಗೇ ಐತೆ! ನೀನೇ ಮಾಡಿದ್ದಾ?" ಆ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಚಿಕ್ಕಪ್ಪನ ಮುಖ ಅರಳಿದ್ದನ್ನು ನಾನು ಕಂಡೆ. ಹಲಗೆಯನ್ನು ಇಳಿಸಿ ಅವರ ಮುಂದಿಟ್ಟ. ಚಕ್ರ, ಸರಪಳಿ, ತುಕ್ಕು ಎಲ್ಲ ತೋರಿಸಿದ. ತೋರಿಸುತ್ತ ತೋರಿಸುತ್ತ ಮಾತು ಅವನ ಕೈ ಮೀರಿತು. "ಇವ್ನು ಗೋಪಾಲ. ಬೆಂಕಿ ಬಿದ್ದಾಗ ಒಳಗೇ ಉಳ್ಕೊಂಡ. ಕೈ ಸಿಕ್ತು ಯಜಮಾನ್ರೆ, ಎಳಿಯಾಕಾಗ್ಲಿಲ್ಲ." ಅವರು ಆ ಸುಟ್ಟ ಕೈಯನ್ನು ಈಗ ಬೇರೆ ಕಣ್ಣಿಂದ ನೋಡಿದರು. "ನಿದ್ದೆ ಚೆನ್ನಾಗಿ ಬತ್ತದಾ ನಿನಗೆ?" ಎಂದರು. ಚಿಕ್ಕಪ್ಪ ಇಲ್ಲ ಎಂದ. ಸುಳ್ಳು ಹೇಳಬಹುದಿತ್ತು. ಅವರು ಕೈ ತೊಳೆದುಕೊಂಡು, ಹೇಳಿ ಕಳಿಸ್ತೀವಿ ಎಂದು ಹೊರಟರು. ತಟ್ಟೆಯಲ್ಲಿ ಬೋಂಡ ಹಾಗೇ ಉಳಿದಿತ್ತು.

ಅಪ್ಪ ಕೂಗಾಡಲಿಲ್ಲ. ಬಾಗಿಲು ಹಾಕಿ, ಒಳಗಿಂದ ಗುಂಡುಕಲ್ಲು ತಂದು ಚಿಕ್ಕಪ್ಪನ ಮುಂದಿಟ್ಟ. "ನಾನು ಒಡೆದ್ರೆ ನನ್ನ ಬೈಕೊಂಡು ಇನ್ನೊಂದು ಮಾಡ್ಕೊಂತೀಯ. ನೀನೇ ಒಡಿ."

"ಅಣ್ಣಾ, ಅಟ್ಟದ ಮ್ಯಾಲೆ ಇಕ್ತೀನಿ. ಯಾರ ಕಣ್ಣಿಗೂ ಬೀಳಾಕಿಲ್ಲ."

"ಒಡಿ. ಇಲ್ಲಾಂದ್ರೆ ಬಟ್ಟೆ ಕಟ್ಕೊಂಡು ಓಗು."

ನಾನು ಬ್ಯಾಡಪ್ಪಾ ಎಂದು ಅತ್ತೆ. ಅಪ್ಪ ನನ್ನ ಮುಂಗೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡ, ನೀನೂ ನೋಡು ಎಂದ. ಅಮ್ಮ ಒಲೆಯ ಮುಂದಿನಿಂದ ತಿರುಗಲಿಲ್ಲ. ನನಗೆ ಕಥೆ ಹೇಳಿ ಮಲಗಿಸುತ್ತಿದ್ದ ಅಜ್ಜಿಯಾದರೂ ತಡೆದಾಳು ಎಂದುಕೊಂಡೆ. ಅಜ್ಜಿ ಎಲೆಗೆ ಸುಣ್ಣ ಸವರುತ್ತ, "ಒಡೆದಾಕ್ಬಿಡ್ಲಾ ಮುರಳಿ. ಒಂದಿನ ಅಳ್ತೀಯ, ಆಮ್ಯಾಕೆ ಒಟ್ಟೆ ಅಸೀತದೆ" ಎಂದಳು. ಚಿಕ್ಕಪ್ಪ ಮೊದಲು ಟೀ ಲೋಟದ ಗೋಪಾಲನನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ ಜೇಬಿಗೆ ಹಾಕಿಕೊಳ್ಳಲು ಹೋದ. "ಅದೂ" ಎಂದ ಅಪ್ಪ. ಚಿಕ್ಕಪ್ಪ ಅದನ್ನೂ ಹಲಗೆಯ ಮೇಲಿಟ್ಟು, ಒಳ್ಳೆಯ ಕೈಯಲ್ಲಿ ಕಲ್ಲೆತ್ತಿದ. ಪ್ಲಾಸ್ಟಿಕ್ಕು ಒಡೆಯುವ ಸದ್ದು ತೀರ ಸಣ್ಣದು, ಹಪ್ಪಳ ಮುರಿದ ಹಾಗೆ. ಎಲ್ಲ ಮುಗಿದ ಮೇಲೆ ತಾನೇ ಪೊರಕೆ ತಂದು ಗುಡಿಸಿದ. ಅಜ್ಜಿ ಹೇಳಿದ್ದು ನಿಜವಾಯಿತು. ಆ ಮಧ್ಯಾಹ್ನ ಅವನು ಮುದ್ದೆ ಉಂಡ.

ಕ್ಯಾಸಂಬಳ್ಳಿಯಿಂದ ಹೇಳಿ ಕಳಿಸಲಿಲ್ಲ. ಬೇರೆ ಸಂಬಂಧಗಳೂ ಕೂಡಿಬರಲಿಲ್ಲ. ಚಿಕ್ಕಪ್ಪ ಒಂದು ಗೋದಾಮಿನಲ್ಲಿ ಕೆಲಸಕ್ಕೆ ಸೇರಿದ, ಅಣ್ಣ ಕೂರು ಎಂದರೆ ಕೂರುವ, ಏಳು ಎಂದರೆ ಏಳುವ ತಮ್ಮನಾದ. ಒಮ್ಮೆ ನಾನು ಒಂದು ಮಡಕೆಗೆ ಬಣ್ಣ ಬಳಿದು ಅವನ ಮುಂದೆ ಹಿಡಿದಾಗ, ಅದರತ್ತ ನೋಡದೆ, "ನಿಮ್ಮಪ್ಪ ಬರೋದ್ರೊಳ್ಗೆ ಬಿಸಾಕು" ಎಂದ. ಆಮೇಲೆ ನಾನು ಬ್ರಶ್ಶು ಮುಟ್ಟಲಿಲ್ಲ.

ಈಗ ಆ ಸಾಲಿನ ಮನೆಗಳಿಗೆ ಸೂರಿಲ್ಲ. ತಗಡು ಯಾರ್ಯಾರೋ ಕಿತ್ತುಕೊಂಡು ಹೋಗಿದ್ದಾರೆ. ಅಜ್ಜಿ ಹೋದಳು, ಅಮ್ಮ ಹೋದಳು. ನಾನು ಅಪ್ಪನನ್ನೂ ಚಿಕ್ಕಪ್ಪನನ್ನೂ ಬಂಗಾರಪೇಟೆಗೆ ಕರೆತಂದೆ. ಕಡೆಯ ವರ್ಷಗಳಲ್ಲಿ ಅಪ್ಪನಿಗೆ ಮರೆವು ಹತ್ತಿತು. ಮನೆಗೆ ಯಾರು ಬಂದರೂ ಸಂಭ್ರಮದಿಂದ ಹೇಳುತ್ತಿದ್ದ: "ನಮ್ಮ ಮುರಳಿ ಒಂದು ಟ್ಯಾಂಕು ಮಾಡವ್ನೆ, ನೋಡ್ಬೇಕು ನೀವು. ಲೇ ಮುರಳಿ, ತಂದು ತೋರ್ಸ್ಲಾ!" ಚಿಕ್ಕಪ್ಪ ಪ್ರತಿ ಸಲವೂ ಎದ್ದು ಒಳಗೆ ಹೋಗುತ್ತಿದ್ದ. ಕತ್ತಲ ಕೋಣೆಯಲ್ಲಿ ಸ್ವಲ್ಪ ಹೊತ್ತು ನಿಂತು, ಬರಿಗೈಲಿ ಹೊರಬಂದು, "ಸಿಗ್ತಿಲ್ಲಣ್ಣ, ನಾಳೆ ಉಡುಕ್ತೀನಿ" ಎನ್ನುತ್ತಿದ್ದ. ಅಪ್ಪ ಅವನಿಗೆ ಬೈಯುತ್ತಿದ್ದ, ಅಂಥ ಒಳ್ಳೆ ಸಾಮಾನನ್ನು ಕಳೆದುಕೊಂಡನಲ್ಲ ಎಂದು.

ಅಪ್ಪ ತೀರಿಕೊಂಡ ಮೇಲೆ ತಿಥಿಗೆ ಬಂದ ನೆಂಟರೊಬ್ಬರು ಚಿಕ್ಕಪ್ಪನ ಪಕ್ಕ ಕೂತು, ನಿಮ್ಮಣ್ಣ ಯಾವಾಗಲೂ ಹೊಗಳುತ್ತಿದ್ದ ಆ ಟ್ಯಾಂಕು ಎಲ್ಲಿ ಎಂದು ಕೇಳಿದರು. ನಾನು ಎಲೆಗೆ ಪಾಯಸ ಬಡಿಸುತ್ತಿದ್ದೆ. ಚಿಕ್ಕಪ್ಪ ತಲೆಯೆತ್ತಲಿಲ್ಲ.

"ಅಂಥದ್ದೇನೂ ಇರ್ಲಿಲ್ಲ ಬುಡಿ. ಕಡೆಗಾಲ್ದಾಗೆ ಅಣ್ಣಂಗೆ ಏನೇನೋ ಕಾಣ್ಸೋದು."

ಆ ಮಾತನ್ನು ಅವನು ಯಾರ ಮೇಲಿನ ಪ್ರೀತಿಗೆ ಆಡಿದನೋ, ಯಾರ ಮೇಲಿನ ಸಿಟ್ಟಿಗೆ ಆಡಿದನೋ ನಾನು ಕೇಳಲಿಲ್ಲ. ಅಂದಿನಿಂದ, ಅದು ಇತ್ತು ಎನ್ನುವವಳು ಈ ಲೋಕದಲ್ಲಿ ನಾನೊಬ್ಬಳೇ.